ನಮ್ಮ ಅಂಗಳದ ಬೇಟೆನಾಯಿ

ಆ ಭಾನುವಾರ ಬಲಿಪೂಜೆ ಮುಗಿದಿತ್ತು. ಜನರು ದೇವಾಲಯದ ಮುಂದಿನ ಬೇವಿನ ಮರದ ಕೆಳಗೆ ಚಹಾ ಕುಡಿಯುತ್ತಾ ನಿಂತಿದ್ದರು. ಮಕ್ಕಳು ಧರ್ಮೋಪದೇಶದ ತರಗತಿಯ ಗಂಟೆ ಬಾರಿಸುವ ತನಕ ಆಡಿಕೊಂಡಿದ್ದರು. ಗೇಟಿನಾಚೆ ರಸ್ತೆಯಲ್ಲಿ ಪಕ್ಕದ ಓಣಿಯ ಆಯಿ ತಮ್ಮ ಆಡುಗಳನ್ನು ಮಡ್ಡಿಯ ಕಡೆಗೆ ಹೊಡೆದುಕೊಂಡು ಹೊರಟಿದ್ದರು. ಗೇಟಿನ ಕಂಬಿಗಳ ನಡುವೆ ಆಡುಗಳು ಸಾಲಾಗಿ ಸಾಗುವುದು ಕಾಣುತ್ತಿತ್ತು. ಹಿಂದೆ ಉಳಿದಿದ್ದ ಒಂದು ಮರಿ ತಾಯಿಯನ್ನು ಕೂಡಿಕೊಳ್ಳಲು ಚಂಗನೆ ಹಾರಿ ಓಡಿತು. ಅಷ್ಟೇ.

ನಮ್ಮ ಕಾಲಬುಡದಲ್ಲಿ ಮಲಗಿದ್ದ ಚಿಗರಿ ಎದ್ದದ್ದು ನಮಗೆ ಗೊತ್ತಾಗಲೇ ಇಲ್ಲ. ನಾಲ್ಕು ಅಡಿಯ ಕಾಂಪೌಂಡ್ ಗೋಡೆಯನ್ನು ಅದು ದಾಟಿದ್ದು ಮಾತ್ರ ಕಂಡಿತು. ನಾವು ಹೆಸರು ಹಿಡಿದು ಕೂಗಿ, ಕೈಯಲ್ಲಿದ್ದ ಕಪ್ಪನ್ನು ಕೆಳಗಿಟ್ಟು, ಗೇಟು ತೆರೆದು ಹೊರಗೆ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡು ತಿಂಗಳ ಮರಿ. ಚಿಗರಿ ಅದನ್ನು ಬಿಟ್ಟು ನಮ್ಮ ಕಡೆ ತಿರುಗಿ ಬಾಲ ಅಲ್ಲಾಡಿಸಿತು. ಅದರ ಮುಖದಲ್ಲಿ ತಪ್ಪು ಮಾಡಿದ ಅಳುಕು ಎಳ್ಳಷ್ಟೂ ಇರಲಿಲ್ಲ. ಏನೋ ಒಳ್ಳೆಯ ಕೆಲಸ ಮಾಡಿದೆ, ನೋಡಿದಿರಾ ಎಂದು ಕೇಳುವಂತಿತ್ತು.

ಆಯಿ ಬೈಯಲಿಲ್ಲ. ಸುಮ್ಮನೆ ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಸಂಜೆ ನಾವು ಅವರ ಮನೆಗೆ ಹೋಗಿ ಮರಿಯ ಬೆಲೆಯನ್ನು ಮುಂದಿಟ್ಟೆವು. ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: "ರೊಕ್ಕ ಇಡ್ರಿ ಫಾದರ್, ಬ್ಯಾಡ ಅನ್ನೂದಿಲ್ಲ. ಆದ್ರ ನನ್ನ ಕಡೆ ಇನ್ನೂ ಐದು ಆಡು ಅದಾವ. ನಿಮ್ಮ ನಾಯಿ ನಾಳೆನೂ ಇಲ್ಲೇ ಇರ್ತೈತಿ. ಅದಕ್ಕೇನ್ ಮಾಡ್ತೀರಿ, ಅದನ್ನ ಹೇಳ್ರಿ."

ಗಂಡನಿಲ್ಲದ, ಮಗ ದುಡಿಯಲು ದೂರ ಹೋಗಿರುವ ಆ ತಾಯಿಗೆ ಆಡುಗಳೇ ಬ್ಯಾಂಕು. ಮಗಳ ಬಾಣಂತನ, ಮಳೆಗಾಲದ ಜ್ವರ, ಮನೆಯ ತಗಡು, ಎಲ್ಲದಕ್ಕೂ ಒಂದೊಂದು ಆಡು. ಅವರ ಪ್ರಶ್ನೆಗೆ ಆ ಸಂಜೆ ನಮ್ಮ ಬಳಿ ಉತ್ತರವಿರಲಿಲ್ಲ.

ಚಿಗರಿ ನಮ್ಮಲ್ಲಿಗೆ ಬಂದ ಕಥೆ ಸಣ್ಣದು. ಜತ್ತ ತಾಲೂಕಿನ ನಮ್ಮ ಈ ಮೂಲೆಯಿಂದ ಜಮಖಂಡಿ, ಮುಧೋಳ ದೂರವೇನಲ್ಲ. ಗಡಿ ಕಾಗದದ ಮೇಲಿದೆ, ನೆಂಟಸ್ತಿಕೆ ಆಚೆಗೂ ಈಚೆಗೂ ಇದೆ. ಮುಧೋಳದ ಕಡೆ ಬೀಗತನವಿರುವ ನಮ್ಮ ಧರ್ಮಕೇಂದ್ರದ ಒಂದು ಕುಟುಂಬದವರು ಮನೆಗೆ ಕಾವಲಿರಲಿ ಎಂದು ಒಂದೂವರೆ ತಿಂಗಳ ಹೆಣ್ಣುಮರಿಯನ್ನು ತಂದುಕೊಟ್ಟರು. ನಮ್ಮ ಜೊತೆ ವಾಸವಿರುವ ಹಿರಿಯ ಗುರುಗಳು ಅದಕ್ಕೆ ತೊಬೀಯ ಎಂದು ಹೆಸರಿಡಬೇಕೆಂದರು. ತೊಬೀತನ ಗ್ರಂಥದಲ್ಲಿ ತೊಬೀಯ ಪ್ರಯಾಣ ಹೊರಟಾಗ ನಾಯಿಯೂ ಜೊತೆಗೆ ಹೊರಟಿತಲ್ಲವೇ! ಆದರೆ ಹೆಣ್ಣುನಾಯಿಗೆ ಗಂಡಸಿನ ಹೆಸರು ಹೇಗೆ ಎಂದು ಮಕ್ಕಳು ನಕ್ಕರು. ಅದರ ಜಿಗಿತ ನೋಡಿ ಅವರೇ ಚಿಗರಿ ಎಂದು ಕರೆದರು. ಕೃಷ್ಣಮೃಗಕ್ಕೆ ನಮ್ಮ ಕಡೆ ಹೇಳುವ ಹೆಸರು ಅದು. ಬೇಟೆಯಾಡುವ ಪ್ರಾಣಿಗೆ ಬೇಟೆಯಾಗುವ ಪ್ರಾಣಿಯ ಹೆಸರು ಅಂಟಿಕೊಂಡದ್ದು ಹೀಗೆ.

ಮುಧೋಳ ನಾಯಿ ಎಂದರೆ ನಮ್ಮ ಸೀಮೆಯವರಿಗೆ ಹೆಮ್ಮೆ. ಮರಾಠಿಯವರು ಕಾರವಾನಿ ಎನ್ನುತ್ತಾರೆ. ಉದ್ದ ಮೂತಿ, ಬೆನ್ನಿಗಂಟಿದ ಹೊಟ್ಟೆ, ಆಳವಾದ ಎದೆ, ಬಿಲ್ಲಿನಂತೆ ಬಾಗಿದ ಸೊಂಟ, ನಿಂತರೆ ಭುಜದ ಹತ್ತಿರ ಎಪ್ಪತ್ತು ಸೆಂಟಿಮೀಟರಿನ ಆಸುಪಾಸು ಎತ್ತರ. ಅರಬರ ಸಲೂಕಿ ನಾಯಿಯನ್ನು ಹೋಲುವ ಮೈಕಟ್ಟು. ಮುಧೋಳ ಸಂಸ್ಥಾನದ ರಾಜ ಮಾಲೋಜಿರಾವ ಘೋರ್ಪಡೆಯವರು ಬೇಡರ ಮನೆಗಳಲ್ಲಿದ್ದ ಈ ನಾಯಿಗಳನ್ನು ಕಂಡು ತಳಿಗೆ ಆಸರೆ ಕೊಟ್ಟರು. ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೂ ಒಂದು ಜೋಡಿ ಕಾಣಿಕೆಯಾಗಿ ಹೋಯಿತು. 2005ರಲ್ಲಿ ಅಂಚೆ ಇಲಾಖೆ ಇದರ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಸೇನೆಯವರು ತರಬೇತಿಗೆಂದು ಕೆಲವು ಮರಿಗಳನ್ನು ಮೀರತ್ತಿಗೆ ಒಯ್ದರು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ತಮ್ಮ ಆಕಾಶವಾಣಿ ಭಾಷಣದಲ್ಲಿ ಹೆಸರಿಸಿದ ಮೇಲಂತೂ ಊರೂರಿನಲ್ಲಿ ಮರಿಗಳಿಗೆ ಬೇಡಿಕೆ ಬಂತು. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ಇದನ್ನೆಲ್ಲ ನಾವು ಬಂದವರಿಗೆ ಹೆಮ್ಮೆಯಿಂದ ಹೇಳುತ್ತಿದ್ದೆವು. ಬೇಡರು ಈ ನಾಯಿಯನ್ನು ಯಾಕೆ ಸಾಕಿದ್ದರು ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ. ಚೆಲುವನ್ನು ನೋಡಿ ಮನೆಗೆ ತಂದೆವು, ಕಸುಬನ್ನು ಕೇಳಲಿಲ್ಲ.

ಸುಳಿವುಗಳು ಮೊದಲೇ ಇದ್ದವು. ಆರನೇ ತಿಂಗಳಿಗೆ ಅಳಿಲುಗಳ ಹಿಂದೆ ಓಡತೊಡಗಿತು. ನಾವು ನಕ್ಕೆವು. ಎಂಟನೇ ತಿಂಗಳಿಗೆ ಧರ್ಮಭಗಿನಿಯರ ಕಾನ್ವೆಂಟಿನ ಎರಡು ಕೋಳಿಗಳು ಹೋದವು. ಕ್ಷಮೆ ಕೇಳಿದೆವು. ಒಂದು ದಿನ ಬಾಯಿತುಂಬ ಮುಂಗುಸಿಯ ರೋಮ ಹಚ್ಚಿಕೊಂಡು ಬಂತು. ಇನ್ನೂ ಹುಡುಗಾಟದ ವಯಸ್ಸು, ದೊಡ್ಡದಾದ ಮೇಲೆ ತಾನೇ ಸರಿಹೋಗುತ್ತದೆ ಎಂದುಕೊಂಡೆವು. ಓದುಗರೇ, ನಿಮ್ಮ ಮನೆಯಲ್ಲಿ ಇಂಥ ನಾಯಿ ಇದ್ದರೆ ಈ ಒಂದು ಮಾತನ್ನು ನಂಬಬೇಡಿ. ಬೇಟೆಯ ಗುಣ ಪ್ರಾಯಕ್ಕೆ ಬಂದಂತೆ ಕಳೆಯುವುದಿಲ್ಲ, ಕುದುರುತ್ತದೆ.

ಆಡಿನ ಮರಿ ಹೋದ ಮೇಲೆ ಊರೆಲ್ಲ ನಮಗೆ ಸಲಹೆ ಕೊಟ್ಟಿತು. ಹೊಟ್ಟೆತುಂಬ ಹಾಕಿದರೆ ಬೇಟೆ ಬಿಡುತ್ತದೆ ಎಂದರು ಒಬ್ಬರು. ಅಡುಗೆಯ ಅಕ್ಕ ಜೋಳದ ರೊಟ್ಟಿ, ಮಜ್ಜಿಗೆ, ಮೊಟ್ಟೆ ಎಂದು ಎರಡು ಹೊತ್ತಿನದನ್ನು ಮೂರು ಹೊತ್ತು ಮಾಡಿದರು. ಮೈ ಬಂತೇ ಹೊರತು ಗುಣ ಹೋಗಲಿಲ್ಲ. ಮೂತಿಗೆ ಖಾರದಪುಡಿ ಹಚ್ಚಿ ಎಂದರು ಇನ್ನೊಬ್ಬರು. ಅದನ್ನು ಮಾಡಲಿಲ್ಲ. ಕೋಲು ಹಿಡಿದು ಬುದ್ಧಿ ಕಲಿಸಿ ಎಂದರು ಹಲವರು. ನಾಚಿಕೆಯಿಂದ ಹೇಳುತ್ತೇವೆ, ಅದನ್ನು ಮಾಡಿದೆವು. ಮತ್ತೊಮ್ಮೆ ಗೋಡೆ ಹಾರಿ ತಿರುಗಿ ಬಂದಾಗ ಗೇಟಿನಲ್ಲೇ ಎರಡು ಏಟು ಬಿಗಿದೆವು. ಚಿಗರಿ ಕಲಿತದ್ದು ಒಂದೇ: ಓಡಿಹೋಗುವುದು ಸುಖ, ಮನೆಗೆ ಬರುವುದು ಅಪಾಯ. ಮುಂದಿನ ಸಲ ತಪ್ಪಿಸಿಕೊಂಡಾಗ ರಾತ್ರಿಯಾದರೂ ಬರಲಿಲ್ಲ. ದಾಳಿಂಬೆ ತೋಟಗಳ ನಡುವೆ ಬ್ಯಾಟರಿ ಹಿಡಿದು ಹುಡುಕಬೇಕಾಯಿತು.

ಆ ರಾತ್ರಿ ಮನೆಗೆ ಬಂದು ಕೈಕಾಲು ತೊಳೆಯುವಾಗ ಹಿರಿಯ ಗುರುಗಳು ಬಾಗಿಲಲ್ಲೇ ನಿಂತಿದ್ದರು. "ಗುರುಮಠದಲ್ಲಿ ಸಂತ ತೋಮಸ್ ಅಕ್ವಿನಾಸರನ್ನು ಓದಿದ್ದೀರಲ್ಲ ಫಾದರ್" ಎಂದರು. ಕುರಿಯು ತೋಳವನ್ನು ಕಂಡು ಓಡುವುದು ಯೋಚಿಸಿ ಮಾಡಿದ ತೀರ್ಮಾನದಿಂದಲ್ಲ, ಹುಟ್ಟುಗುಣದಿಂದ ಎಂದು ಆ ಸಂತರು ಬರೆದಿದ್ದಾರೆ. ಪರೀಕ್ಷೆಯಲ್ಲಿ ಅದನ್ನೇ ಬರೆದು ಒಳ್ಳೆಯ ಅಂಕ ತೆಗೆದಿದ್ದೆವು. ಕೈಯಲ್ಲಿ ಕೋಲು ಬಂದಾಗ ನೆನಪಾಗಲಿಲ್ಲ. ಹಿರಿಯರು ಮುಂದುವರಿಸಿದರು: "ಅದಕ್ಕೆ ಪಾಪ ಅನ್ನೋದು ಗೊತ್ತಿಲ್ಲ. ಪಾಪನಿವೇದನೆ ಮಾಡಬೇಕಾದವರು ನಾವು." ನಗುತ್ತಲೇ ಹೇಳಿದರು. ನಮಗೆ ನಗು ಬರಲಿಲ್ಲ.

ಬೇಟೆ ಎಂಬುದು ಒಂದು ಸರಪಳಿ

ಮರುದಿನ ತಾಲೂಕಿನ ಪಶುವೈದ್ಯರ ಬಳಿಗೆ ಹೋದೆವು. ಅವರು ಸಿಟ್ಟಾಗದೆ ಬಿಡಿಸಿ ಹೇಳಿದರು. ಎಲ್ಲ ನಾಯಿಗಳ ಮೂಲ ತೋಳ. ತೋಳದ ಬೇಟೆ ಒಂದು ಸರಪಳಿಯಂತೆ: ಗಮನಿಸುವುದು, ದಿಟ್ಟಿಸುವುದು, ಹೊಂಚುತ್ತಾ ಸರಿಯುವುದು, ಬೆನ್ನಟ್ಟುವುದು, ಹಿಡಿಯುವುದು, ಕೊಲ್ಲುವುದು, ಹರಿದು ತಿನ್ನುವುದು. ಮನುಷ್ಯರು ಸಾವಿರಾರು ವರ್ಷಗಳಿಂದ ತಮ್ಮ ಕೆಲಸಕ್ಕೆ ಬೇಕಾದ ಕೊಂಡಿಗಳನ್ನು ಬಲಪಡಿಸಿ, ಬೇಡವಾದವನ್ನು ಸಡಿಲಗೊಳಿಸಿ ಬೇರೆಬೇರೆ ತಳಿಗಳನ್ನು ಮಾಡಿಕೊಂಡಿದ್ದಾರೆ. ಸ್ಕಾಟ್ಲೆಂಡಿನ ಗಡಿಯ ಕುರಿನಾಯಿ ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಕೊಲ್ಲುವುದಿಲ್ಲ. ಲ್ಯಾಬ್ರಡಾರ್ ಹಕ್ಕಿಯನ್ನು ಮೆತ್ತಗೆ ಬಾಯಲ್ಲಿ ಹಿಡಿದು ತರುತ್ತದೆ. ಕುರಿಮಂದೆ ಕಾಯುವ ತಳಿಗಳಲ್ಲಿ ಈ ಸರಪಳಿ ಹೆಚ್ಚುಕಡಿಮೆ ಮಲಗಿಯೇ ಇರುತ್ತದೆ. ಮುಧೋಳದಂಥ ಓಟದ ನಾಯಿಯಲ್ಲಿ ನೋಟದಿಂದ ಹಿಡಿತದ ತನಕ ಸರಪಳಿ ಇಡಿಯಾಗಿ ಉಳಿದಿದೆ. ಅದಕ್ಕಾಗಿಯೇ ನಮ್ಮ ಹಿರಿಯರು ಇದನ್ನು ಬೆಳೆಸಿದ್ದು.

ಈ ನಾಯಿ ಬೇಟೆಯನ್ನು ಮೂಸಿ ಹುಡುಕುವುದಕ್ಕಿಂತ ಕಣ್ಣಿಂದ ಹಿಡಿಯುತ್ತದೆ. ಉದ್ದ ತಲೆಯ ಎರಡು ಬದಿಗೆ ಕಣ್ಣುಗಳಿರುವುದರಿಂದ ಅದಕ್ಕೆ ನಮಗಿಂತ ಬಹಳ ಅಗಲವಾಗಿ ಕಾಣುತ್ತದೆ. ನಿಂತ ವಸ್ತುವಿಗಿಂತ ಅಲುಗುವ ವಸ್ತು ಬೇಗ ಸಿಕ್ಕುತ್ತದೆ. ಆ ದಿನ ನಾಲ್ಕು ದೊಡ್ಡ ಆಡುಗಳು ನಿಧಾನವಾಗಿ ದಾಟಿಹೋದಾಗ ಚಿಗರಿ ಕಿವಿ ಅಲುಗಿಸಿರಲಿಲ್ಲ. ಮರಿ ಓಡಿತು, ಗುಂಡಿ ಒತ್ತಿದಂತಾಯಿತು. ಇನ್ನೊಂದು ಮಾತು, ಬೇಟೆಗೂ ಹಸಿವೆಗೂ ನೇರ ಸಂಬಂಧವಿಲ್ಲ. ಓಟವೇ ಅದಕ್ಕೆ ಬಹುಮಾನ. ಹಿಡಿದರೂ ಬಿಟ್ಟರೂ ಬೆನ್ನಟ್ಟಿದ ಸುಖ ಸಿಕ್ಕೇ ಸಿಕ್ಕುತ್ತದೆ. ಹಾಗಾಗಿ ಒಮ್ಮೊಮ್ಮೆ ಬೆನ್ನಟ್ಟಿದಾಗಲೂ ಆಸೆ ಇಮ್ಮಡಿಯಾಗುತ್ತದೆ.

"ಹಾಗಾದರೆ ಇದನ್ನು ಬಿಡಿಸುವುದು ಹೇಗೆ ಡಾಕ್ಟರೇ?" ಎಂದೆವು.

"ಬಿಡಿಸಲಿಕ್ಕೆ ಆಗೂದಿಲ್ರಿ. ನೀವು ಅದರ ಜೋಡಿ ಇರೂದನ್ನ ಕಲೀಬೇಕು" ಎಂದರು.

ನಿರಾಸೆಯ ಉತ್ತರ ಎಂದು ಆಗ ಅನಿಸಿತು. ಈಗ ಹಾಗೆ ಅನಿಸುವುದಿಲ್ಲ. ನಾಯಿಯನ್ನು ತಿದ್ದುವ ಚಿಂತೆಯನ್ನು ಬಿಟ್ಟ ದಿನದಿಂದಲೇ ಕೆಲಸ ಶುರುವಾಯಿತು.

ಮೊದಲ ಕೆಲಸ ಗೋಡೆ. ನಾಲ್ಕು ಅಡಿಯ ಗೋಡೆಯ ಮೇಲೆ ಕಬ್ಬಿಣದ ಪಟ್ಟಿ ನಿಲ್ಲಿಸಿ ಮೂರು ಅಡಿ ತಂತಿಯ ಜಾಳಿಗೆ ಕಟ್ಟಿಸಿದೆವು. ಧರ್ಮಕೇಂದ್ರದ ಹಣಕಾಸು ಸಮಿತಿಯಲ್ಲಿ ಈ ಮಾತು ಬಂದಾಗ ಒಬ್ಬ ಹಿರಿಯರು ದೇವಾಲಯದ ದುಡ್ಡು ನಾಯಿಗಲ್ಲ ಎಂದರು. ಅವರ ಮಾತು ಸರಿಯೇ ಇತ್ತು. ಗುರುಗಳ ಮನೆಯ ನಾವಿಬ್ಬರೂ ಕೈಯಿಂದಲೇ ಹಾಕಿದೆವು, ಎರಡು ಕಂತಿನಲ್ಲಿ. ಗೇಟಿನ ಒಳಗೆ ಇನ್ನೊಂದು ಸಣ್ಣ ಗೇಟು ಹಾಕಿಸಿ, ಒಂದನ್ನು ಮುಚ್ಚದೆ ಇನ್ನೊಂದನ್ನು ತೆರೆಯಬಾರದು ಎಂಬ ನಿಯಮ ಮಾಡಿದೆವು. ಕನ್ನಡದಲ್ಲೂ ಮರಾಠಿಯಲ್ಲೂ ಬೋರ್ಡು ಬರೆಸಿದೆವು. ನಾಯಿ ತಪ್ಪಿಸಿಕೊಳ್ಳುವುದು ಗೋಡೆ ಹಾರಿಯಲ್ಲ, ಹೆಚ್ಚಾಗಿ ಯಾರೋ ಬಾಗಿಲು ಹಾಕಲು ಮರೆತಾಗ. ಇದನ್ನು ಈಗ ಧರ್ಮೋಪದೇಶದ ಮಕ್ಕಳು ಕೂಡ ಬಾಯಿಪಾಠ ಹೇಳುತ್ತಾರೆ.

ಎರಡನೆಯದು ಬೆಲ್ಟು. ಅಂಗಡಿಯ ಬೆಲ್ಟಿನಿಂದ ಚಿಗರಿ ಎರಡು ಸಲ ತಲೆ ಜಾರಿಸಿಕೊಂಡಿತ್ತು. ಈ ಜಾತಿಯ ನಾಯಿಗಳ ತಲೆ ಕುತ್ತಿಗೆಗಿಂತ ಸಪೂರ, ಹಿಂದಕ್ಕೆ ಜಗ್ಗಿದರೆ ಸಾದಾ ಬೆಲ್ಟು ಕಳಚಿ ಬರುತ್ತದೆ. ಸಂತೆಯ ಚರ್ಮದ ಕೆಲಸದವರ ಬಳಿ ಮೂರು ಬೆರಳಗಲದ ಬೆಲ್ಟು ಹೊಲಿಸಿದೆವು. ಎಳೆದಾಗ ತುಸು ಬಿಗಿಯಾಗಿ, ಬಿಟ್ಟಾಗ ಸಡಿಲವಾಗುವಂತೆ ಅದರಲ್ಲೊಂದು ಕುಣಿಕೆ ಇದೆ, ಉಸಿರು ಕಟ್ಟುವಷ್ಟು ಬಿಗಿಯುವುದಿಲ್ಲ. ಉದ್ದ ಹಗ್ಗ ಕಟ್ಟಿ ಬಯಲಿಗೆ ಕರೆದೊಯ್ಯುವಾಗ ಕುತ್ತಿಗೆಗೆ ಕಟ್ಟದೆ ಎದೆಗೆ ಹಾಕುವ ಪಟ್ಟಿಗೆ ಕಟ್ಟುತ್ತೇವೆ. ವೇಗದಲ್ಲಿ ಓಡುವ ನಾಯಿ ಹಗ್ಗದ ತುದಿಗೆ ಬಂದು ಗಕ್ಕನೆ ನಿಂತರೆ ಕುತ್ತಿಗೆಗೆ ಪೆಟ್ಟು. ಹಗ್ಗವನ್ನು ಬರಿಗೈಗೆ ಸುತ್ತಿಕೊಂಡರೆ ನಮಗೂ ಪೆಟ್ಟು. ನಮ್ಮ ಬಲ ಅಂಗೈಯ ಗಾಯ ಮಾಗಲು ಎರಡು ವಾರ ಬೇಕಾಯಿತು. ಬಲಿಪೂಜೆಯಲ್ಲಿ ಪಾತ್ರೆ ಎತ್ತುವಾಗ ಜನರೆಲ್ಲ ಆ ಪಟ್ಟಿಯನ್ನೇ ನೋಡುತ್ತಿದ್ದರು.

ಸರಪಳಿಯಲ್ಲಿ ಇಡೀ ದಿನ ಕಟ್ಟಿಹಾಕಿದರೆ ಆಗದೇ ಎಂದು ಕೇಳುವವರಿದ್ದಾರೆ. ಮೊದಲ ತಿಂಗಳು ನಾವು ಹಾಗೆಯೇ ಮಾಡಿದ್ದೆವು. ಕಟ್ಟಿದ ನಾಯಿ ದಾರಿಯಲ್ಲಿ ಹೋಗುವ ಪ್ರತಿಯೊಂದು ಕೋಳಿ, ಸೈಕಲ್ಲು, ಮಗುವನ್ನು ದಿಟ್ಟಿಸುತ್ತಾ ಕೂರುತ್ತದೆ. ಆಸೆ ತುಂಬುತ್ತದೆ, ತೀರುವುದಿಲ್ಲ. ಬಿಟ್ಟ ಗಳಿಗೆಯಲ್ಲಿ ಅಣೆಕಟ್ಟು ಒಡೆದಂತೆ. ಆ ಓಟಕ್ಕೆ ಎಲ್ಲಾದರೂ ಒಂದು ದಾರಿ ಬೇಕು.

ಆ ದಾರಿಯನ್ನು ನಮ್ಮ ಪೀಠಬಾಲಕರು ಕಂಡುಹಿಡಿದರು. ಉದ್ದ ಬಿದಿರಿನ ಕೋಲಿಗೆ ಹಗ್ಗ, ಹಗ್ಗದ ತುದಿಗೆ ಹಳೇ ಚರ್ಮದ ಚೂರು. ಅದನ್ನು ನೆಲದ ಮೇಲೆ ಸುತ್ತ ತಿರುಗಿಸಿದರೆ ಚಿಗರಿ ಜಗತ್ತನ್ನೇ ಮರೆತು ಬೆನ್ನಟ್ಟುತ್ತದೆ. ಹತ್ತು ನಿಮಿಷ ಸಾಕು. ನಡುನಡುವೆ ಅದು ಗೆಲ್ಲಬೇಕು, ಹಿಡಿದು ಕೊಡಹಲು ಬಿಡಬೇಕು. ಸದಾ ಸೋಲಿಸಿದರೆ ರೇಗುತ್ತದೆ. ಹುಡುಗರು ಮೊದಲು ಅದನ್ನು ಬೇಕೆಂದೇ ಸತಾಯಿಸುತ್ತಿದ್ದರು, ಗದರಿಸಬೇಕಾಯಿತು. "ಬಿಡು" ಎಂದಾಗ ಬಿಟ್ಟರೆ ಒಂದು ಚೂರು ಬೇಯಿಸಿದ ಕೋಳಿಯ ಪಿತ್ತಜನಕಾಂಗ. ಈ ಆಟದಲ್ಲೇ ಅದು ಬಿಡು ಎಂಬ ಮಾತನ್ನು ಕಲಿತದ್ದು.

ಕರೆದರೆ ಬರುವುದನ್ನು ಕಲಿಸಲು ಎಂಟು ತಿಂಗಳು ಬೇಕಾಯಿತು. "ಬಾ" ಎಂಬ ಶಬ್ದವನ್ನು ನಾವು ದಿನಕ್ಕೆ ನೂರು ಸಲ ಎಲ್ಲರಿಗೂ ಹೇಳುತ್ತೇವೆ, ನಾಯಿಗೆ ಅದರ ಬೆಲೆ ಹೋಗಿತ್ತು. ಆಟದ ಮೇಷ್ಟ್ರ ಸೀಟಿ ತಂದೆವು. ಸೀಟಿ ಊದಿದಾಗಲೆಲ್ಲ ತಿನ್ನಲು ಅತಿ ಇಷ್ಟದ್ದು, ಬೈಗುಳ ಎಂದೂ ಇಲ್ಲ. ಈಗ ಅಂಗಳದಲ್ಲಿ ಹತ್ತಕ್ಕೆ ಹತ್ತು ಸಲ ಬರುತ್ತದೆ. ಮೊಲ ಎದ್ದರೆ? ಒಂದು ಸಲವೂ ಇಲ್ಲ. ಅದರ ಕಿವಿ ಆಗ ಇರುವುದೇ ಇಲ್ಲ ಎನ್ನಬೇಕು. ಆದ್ದರಿಂದ ಗೋಡೆಯ ಹೊರಗೆ ಬೆಲ್ಟು ಬಿಚ್ಚುವುದಿಲ್ಲ. ಎಷ್ಟೇ ಒಳ್ಳೆಯ ದಿನವಿರಲಿ, ಬಯಲು ಎಷ್ಟೇ ಖಾಲಿ ಕಾಣಲಿ, ಬಿಚ್ಚುವುದಿಲ್ಲ. ಖಾಲಿ ಎಂದು ನಮ್ಮ ಕಣ್ಣಿಗೆ ಕಂಡ ಬಯಲಿನಲ್ಲಿ ಅದರ ಕಣ್ಣಿಗೆ ಏನೇನೋ ಇರುತ್ತದೆ.

ನಡೆಸುವುದು ಬೆಳಗಿನ ಬಲಿಪೂಜೆಗೂ ಮೊದಲು, ಕೋಳಿಗಳನ್ನು ಗೂಡಿನಿಂದ ಬಿಡುವ ಮುಂಚೆ. ನಮ್ಮ ಕಡೆಯ ಬೇಸಿಗೆ ನಿಮಗೆ ಗೊತ್ತು. ಓಟದ ನಾಯಿ ದಣಿವನ್ನು ಲೆಕ್ಕಿಸದೆ ಓಡಿ, ಬಿಸಿಲಿಗೆ ಮೈ ಕಾದು ಸತ್ತೇಹೋಗಬಹುದು. ಮಾರ್ಚಿನಿಂದ ಜೂನಿನ ತನಕ ಸೂರ್ಯ ಹುಟ್ಟಿದ ಮೇಲೆ ಕೋಲಿನಾಟವೂ ಇಲ್ಲ.

ಬೆಕ್ಕು, ಮಕ್ಕಳು, ಕುರಿಗಾರ ಮಾಮಾ

ಅಡುಗೆಮನೆಯ ಬೆಕ್ಕಿನ ಬೆನ್ನಿಗೆ ಮೂತಿಯಿಟ್ಟು ಚಿಗರಿ ನಿದ್ದೆ ಮಾಡುವುದನ್ನು ನೋಡಿದವರು ಬೆರಗಾಗುತ್ತಾರೆ. ಮರಿಯಿದ್ದಾಗಲೇ ಆ ಬೆಕ್ಕಿನ ಜೊತೆ ಒಂದೇ ತಟ್ಟೆಯಲ್ಲಿ ಹಾಲು ಕುಡಿದದ್ದು. ಆದರೆ ಬೇರೆ ಬೆಕ್ಕು ಹಿತ್ತಲಿನಲ್ಲಿ ಓಡಿದರೆ ಅದು ಬೆಕ್ಕಲ್ಲ, ಬೇಟೆ. ಇನ್ನೂ ವಿಚಿತ್ರವೆಂದರೆ ನಮ್ಮದೇ ಬೆಕ್ಕು ಒಮ್ಮೆ ಅಂಗಳದ ಆ ತುದಿಯಲ್ಲಿ ಜೋರಾಗಿ ಓಡಿದಾಗ ಚಿಗರಿ ಅರ್ಧದಾರಿ ಬೆನ್ನಟ್ಟಿ, ಹತ್ತಿರ ಹೋದ ಮೇಲೆ ಗುರುತು ಸಿಕ್ಕಿ ನಿಂತಿತು. ಅಂದಿನಿಂದ ಇವೆರಡನ್ನೂ ಹೊರಗೆ ಒಟ್ಟಿಗೆ ಬಿಡುವುದಿಲ್ಲ.

ಮಡ್ಡಿಯಲ್ಲಿ ಕುರಿ ಮೇಯಿಸುವ ಮಾಮಾ ಒಬ್ಬರಿದ್ದಾರೆ. ಅವರ ಮಂದೆಯಲ್ಲೂ ಕಾರವಾನಿ ರಕ್ತದ ನಾಯಿ ಇದೆ, ಕುರಿಮರಿಗಳು ಅದರ ಮೇಲೆ ಹತ್ತಿ ಮಲಗುತ್ತವೆ. ಇದು ಹೇಗೆ ಎಂದು ಕೇಳಿದ್ದಕ್ಕೆ ಅವರು ಕಂಬಳಿ ಸರಿಮಾಡಿಕೊಳ್ಳುತ್ತಾ ಹೇಳಿದರು: "ನಮ್ಮ ನಾಯಿ ಕುರಿ ನಡುವ ಕಣ್ಣು ಬಿಟ್ಟದ್ರಿ. ನಿಮ್ಮದು ಗುಡಿ ಅಂಗಳದಾಗ ಬೆಳದದ್ದು. ಆಡು ಅಂದ್ರ ಏನಂತ ಅದಕ್ಕ ಯಾರ ಹೇಳ್ಯಾರ?" ವಿಜ್ಞಾನಿಗಳಾದ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಹೇಳಿದ್ದೂ ಇದನ್ನೇ. ಹುಟ್ಟಿದ ಮೂರನೇ ವಾರದಿಂದ ಹನ್ನೆರಡನೇ ವಾರದ ತನಕ ಮರಿ ಯಾರ ಜೊತೆ ಬೆಳೆಯುತ್ತದೋ ಅವರನ್ನು ತನ್ನವರೆಂದು ತಿಳಿಯುತ್ತದೆ. ಆ ಬಾಗಿಲು ಮುಚ್ಚಿದ ಮೇಲೆ ಕಲಿಸುವುದು ಕಷ್ಟ. ಚಿಗರಿ ನಮ್ಮಲ್ಲಿ ಆರು ವಾರ ಆ ಬಾಗಿಲಿನೊಳಗೇ ಇತ್ತು. ಮಕ್ಕಳು, ಬೆಕ್ಕು, ಗಂಟೆಯ ಸದ್ದು, ಬ್ಯಾಂಡು ಎಲ್ಲವನ್ನೂ ತೋರಿಸಿದೆವು. ಆಯಿಯ ಆಡುಗಳನ್ನು ತೋರಿಸಲಿಲ್ಲ. ಐವತ್ತು ಹೆಜ್ಜೆ ದೂರದ ಕೊಟ್ಟಿಗೆ.

ಮಕ್ಕಳ ಬಗ್ಗೆ ತಾಯಂದಿರು ಕೇಳುತ್ತಾರೆ. ಬೇಟೆಯ ಗುಣ ಬೇರೆ, ಮನುಷ್ಯರ ಮೇಲಿನ ಸಿಟ್ಟು ಬೇರೆ. ಚಿಗರಿ ಮನುಷ್ಯರ ಮೇಲೆ ಗುರ್ ಎಂದದ್ದೇ ಇಲ್ಲ. ಹಾಗೆಂದು ಕಿರಿಚುತ್ತಾ ಓಡುವ ಪುಟ್ಟ ಮಕ್ಕಳ ನಡುವೆ ಅದನ್ನು ಬಿಡುವುದಿಲ್ಲ. ಹಬ್ಬದ ಜನಜಂಗುಳಿಯಲ್ಲಿ, ಭಾನುವಾರಗಳಲ್ಲಿ ಅದು ಹಿಂದಿನ ಕೋಣೆಯಲ್ಲಿ, ದಪ್ಪ ಗೋಣಿಯ ಹಾಸಿಗೆಯ ಮೇಲೆ. ಮೈಯಲ್ಲಿ ಕೊಬ್ಬಿಲ್ಲದ ಈ ನಾಯಿಗಳಿಗೆ ಬರೀ ನೆಲ ಒತ್ತುತ್ತದೆ. ರೋಗಿಗಳ ಮನೆಗೋ ಪಶುವೈದ್ಯರ ಬಳಿಗೋ ಓಣಿ ದಾಟಿ ಹೋಗುವಾಗ ಬಾಯಿಗೆ ಕುಕ್ಕೆ ಹಾಕುತ್ತೇವೆ, ಎತ್ತಿಗೆ ಹಾಕುವಂಥದ್ದೇ, ಬಾಯಿ ತೆರೆದು ಏದುಸಿರು ಬಿಡುವಷ್ಟು ಸಡಿಲ. ರೇಬೀಸ್ ಲಸಿಕೆ ವರ್ಷವರ್ಷ ತಪ್ಪದೆ. ಸಂತಾನಹರಣ ಚಿಕಿತ್ಸೆ ಮಾಡಿಸುವಾಗ ಒಂದು ಎಚ್ಚರಿಕೆ: ಮೈಯಲ್ಲಿ ಕೊಬ್ಬು ಕಡಿಮೆಯಿರುವ ಓಟದ ನಾಯಿಗಳು ಥಯೋಪೆಂಟಾಲ್‌ನಂಥ ಅರಿವಳಿಕೆಯಿಂದ ಎಚ್ಚರಗೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ವೈದ್ಯರಿಗೆ ತಳಿಯ ಹೆಸರನ್ನು ಮೊದಲೇ ಹೇಳಿ.

ನಾಯಿ ಕೇಳಿಕೊಂಡು ಬಂದವರು

ಒಂದು ವರ್ಷ ಯುಗಾದಿಗೆ ಮುಂಚೆ ಕೆಲವು ತರುಣರು ರಾತ್ರಿ ಮೋಟಾರ್ ಸೈಕಲ್ಲಿನಲ್ಲಿ ಬಂದರು. ಹಬ್ಬದ ಹೊತ್ತಿಗೆ ಮೊಲದ ಬೇಟೆಗೆ ಹೋಗುವ ರೂಢಿ ಕೆಲವು ಕಡೆ ಇದೆ. "ಇಂಥ ನಾಯಿನ ಕಟ್ಟಿಹಾಕಿ ಯಾಕ ಕೆಡಸ್ತೀರಿ ಫಾದರ್? ನಾಕ ದಿನ ಕೊಡ್ರಿ, ಅದರ ಕೆಲಸ ಅದು ಮಾಡ್ಲಿ" ಎಂದರು. ಅವರ ಮಾತಿನಲ್ಲಿ ಹುರುಳಿಲ್ಲ ಎಂದು ನಮಗೆ ಅನಿಸಲಿಲ್ಲ. ಚಿಗರಿ ಹುಟ್ಟಿದ್ದೇ ಆ ಓಟಕ್ಕೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂದು ಕರೆಯುವುದು ಕೊಲ್ಲುವುದನ್ನು ಮಾತ್ರವಲ್ಲ, ಬೆನ್ನಟ್ಟಿಸುವುದನ್ನೂ ಸೇರಿಸಿ. ಮೊಲವೂ ಅದರಲ್ಲಿ ಬರುತ್ತದೆ, ಚಿಗರಿಯಂತೂ ಬಂದೇ ಬರುತ್ತದೆ. ನಮ್ಮ ಈ ಬಯಲುಸೀಮೆಯನ್ನು ಬಂಜರು ಎಂದು ಹೇಳಿಹೇಳಿ ನಮಗೂ ಹಾಗೆ ಕಾಣುತ್ತದೆ. ತೋಳ, ನರಿ, ಮೊಲ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆಲ್ಲ ಇದೇ ಮನೆ. ಎರೆಭೂತ ಹಕ್ಕಿ, ಮರಾಠಿಯವರ ಮಾಳಢೋಕ, ಅದಕ್ಕೆಂದೇ ಸೋಲಾಪುರದ ಹತ್ತಿರ ನಾನಜದಲ್ಲಿ ಅಭಯಾರಣ್ಯ ಮಾಡಿದರೂ ಇಂದು ಅದು ಕಾಣಸಿಗುವುದೇ ಕಷ್ಟ. ನಾಯಿಗಳೊಂದೇ ಕಾರಣವಲ್ಲ. ನಾಯಿಗಳೂ ಒಂದು ಕಾರಣ.

ಕೊಡುವುದಿಲ್ಲ ಎಂದೆವು. ಅವರಲ್ಲಿ ಇಬ್ಬರು ನಮ್ಮ ಧರ್ಮಕೇಂದ್ರದ ಹುಡುಗರೇ. ಮೂರು ತಿಂಗಳು ನಮ್ಮ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ಒಬ್ಬ ತಾನೇ ಬಂದು ಕೋಲಿನಾಟ ಆಡಿಸತೊಡಗಿದ. ನಮಗಿಂತ ಚೆನ್ನಾಗಿ ಆಡಿಸುತ್ತಾನೆ.

ಈಗ ನಮ್ಮಲ್ಲಿಗೆ ಬರುವ ಕುಟುಂಬಗಳು ಮುಧೋಳ ಮರಿ ಕೊಡಿಸಿ ಎಂದು ಕೇಳುವುದುಂಟು. ಪುಣೆ, ಬೆಂಗಳೂರಿನಲ್ಲಿರುವ ಮಕ್ಕಳ ಫ್ಲಾಟಿಗಂತೆ! ನಾವು ಮೂರು ಪ್ರಶ್ನೆ ಕೇಳುತ್ತೇವೆ. ಏಳು ಅಡಿಯ ಗೋಡೆ ಇದೆಯೇ? ದಿನಕ್ಕೆ ಎರಡು ಸಲ, ಹಬ್ಬದ ದಿನವೂ ಜ್ವರದ ದಿನವೂ, ಅದನ್ನು ಓಡಿಸುವವರು ಯಾರು? ಪಕ್ಕದ ಮನೆಯಲ್ಲಿ ಕೋಳಿ, ಆಡು, ಬೆಕ್ಕು ಏನಿದೆ? ಮೂರನೆಯ ಪ್ರಶ್ನೆಗೆ "ಅವರದು ಅವರು ನೋಡಿಕೊಳ್ಳಲಿ" ಎಂದವರಿಗೆ ನಾವು ಬೇರೆ ನಾಯಿಯ ಹೆಸರನ್ನೂ ಹೇಳುವುದಿಲ್ಲ. ಊರನಾಯಿಯ ಮರಿಯೊಂದನ್ನು ಸಾಕಿ ಎಂದು ಉಳಿದವರಿಗೆ ಹೇಳುತ್ತೇವೆ. ಅದು ಸಹ ಬೆನ್ನಟ್ಟುತ್ತದೆ, ಆದರೆ ಮನಸ್ಸು ಬದಲಿಸಿಕೊಳ್ಳುವುದು ಅದಕ್ಕೆ ಗೊತ್ತು. ಕೆಲವರಿಗೆ ನಮ್ಮ ಮೇಲೆ ಬೇಸರವಾಗಿದೆ. ಇರಲಿ.

ಚಿಗರಿಗೆ ಈಗ ಐದು ವರ್ಷ. ಗೋಡೆಯ ಮೇಲೆ ಜಾಳಿಗೆ ಕಟ್ಟಿಸಿದ ನಂತರ ಒಂದೇ ಒಂದು ಸಲ, ಪಾಸ್ಕ ಹಬ್ಬದ ಹಿಂದಿನ ದಿನ ಹೂವಿನವರು ಗೇಟು ತೆರೆದಿಟ್ಟಾಗ, ಹೊರಗೆ ಹೋಗಿತ್ತು. ಒಂದು ಕೋಳಿ ಹೋಯಿತು. ಆಡುಗಳಿಗೆ ಏನೂ ಆಗಿಲ್ಲ. ಗುಣವೇನೂ ಹೋಗಿಲ್ಲ. ಬೆಳಗ್ಗೆ ಆಡುಗಳ ಗಂಟೆ ಕೇಳಿಸಿದರೆ ಕಿವಿ ನಿಗುರುತ್ತದೆ, ತೊಡೆಯ ಸ್ನಾಯು ಸಣ್ಣಗೆ ನಡುಗತೊಡಗುತ್ತದೆ. ನಾವು ಬೆನ್ನಿನ ಮೇಲೆ ಕೈಯಿಟ್ಟರೆ ಆ ನಡುಕ ಅಂಗೈಗೆ ತಾಗುತ್ತದೆ.

ಆಯಿಯ ಮಂದೆ ಈಗ ಒಂಬತ್ತು ಆಡುಗಳದ್ದು. ನಮ್ಮ ಗೇಟಿನ ಹತ್ತಿರ ಬಂದಾಗ ಅವರು ದಿನವೂ ನಿಲ್ಲುತ್ತಾರೆ. ಕೋಲನ್ನು ಅಡ್ಡ ಹಿಡಿದು ಆಡುಗಳನ್ನು ತಡೆದು ಕೂಗುತ್ತಾರೆ: "ಕಟ್ಟೀರೇನ್ರಿ ಫಾದರ್?"

"ಕಟ್ಟೇವಿ ಆಯಿ, ಹೋ‌ಗ್ರಿ" ಎಂದು ನಾವು ಒಳಗಿನಿಂದ ಹೇಳುತ್ತೇವೆ. ಹೇಳಿದರೂ ಅವರು ಗೇಟಿನ ಕಂಬಿಯಲ್ಲಿ ಒಮ್ಮೆ ಇಣುಕಿ, ಬೆಲ್ಟನ್ನು ಕಣ್ಣಾರೆ ನೋಡಿದ ಮೇಲೆಯೇ ಆಡುಗಳನ್ನು ಮುಂದಕ್ಕೆ ಬಿಡುವುದು.